ನನ್ನ ಭುಜವನ್ನು ಆಟಕ್ಕೆ ಮರಳಿಸಿದವರಿಗೆ

ಈ ವರ್ಷದ ಕಬಡ್ಡಿ ಪಂದ್ಯಾಟಗಳು ಮುಗಿದವು. ಮಳೆಗಾಲಕ್ಕೆ ಮೊದಲಿನ ಕೊನೆಯ ಪಂದ್ಯದವರೆಗೂ ನಾನು ತಂಡದಲ್ಲಿದ್ದೆ, ಶಸ್ತ್ರಚಿಕಿತ್ಸೆಯಾದ ನನ್ನ ಬಲ ಭುಜದ ಕೀಲು ಒಂದು ಸಲವೂ ತಪ್ಪಲಿಲ್ಲ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಅಂಗಣಗಳಲ್ಲಿ "ಕೈ ಈಗ ಹೇಗಿದೆ?" ಎಂದು ಕೇಳಿದವರಿಗೆಲ್ಲ ನಿಂತು ಉತ್ತರಿಸಲು ಆಗಲಿಲ್ಲ. ಉತ್ತರವನ್ನೂ ಕೃತಜ್ಞತೆಯನ್ನೂ ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ಆಡುವುದು ರೈಟ್ ಇನ್ ಸ್ಥಾನದಲ್ಲಿ, ಅಂದರೆ ಬಲ ಮೂಲೆಯ ಆಟಗಾರನಾದ ರೈಟ್ ಕಾರ್ನರ್‌ನ ಪಕ್ಕದಲ್ಲಿ. ನನ್ನ ಬಲಗೈ ರೈಟ್ ಕಾರ್ನರ್‌ನ ಎಡಗೈಯಲ್ಲಿರುತ್ತದೆ. ಎದುರು ತಂಡದಿಂದ ದಾಳಿಗೆ ಬಂದ ರೈಡರ್ ನಮ್ಮಿಬ್ಬರ ನಡುವೆ ನುಗ್ಗಿದಾಗ ಈ ಕೈಹಿಡಿತವನ್ನು, ಅಂದರೆ ಚೈನ್ ಅನ್ನು, ಬಿಡುವಂತಿಲ್ಲ. ಆಗ ತೋಳು ಪಕ್ಕಕ್ಕೆ ಚಾಚಿಕೊಂಡು ಹಿಂದಕ್ಕೆ ತಿರುಚುತ್ತದೆ, ಭುಜದ ಕೀಲು ಮುಂದಕ್ಕೆ ತಪ್ಪುವುದು ಹೆಚ್ಚಾಗಿ ಇದೇ ಭಂಗಿಯಲ್ಲಿ. ಕಾಲೇಜಿನ ದಿನಗಳಲ್ಲಿ ನನ್ನದು ಮೊದಲ ಬಾರಿ ತಪ್ಪಿತು. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಸಂಭವ ಬಹಳ. ಕೊನೆಕೊನೆಗೆ ಅಂಗಿ ತೊಡುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಕೂಡ ಜಾರತೊಡಗಿತ್ತು.

ಮೊದಲ ನಮಸ್ಕಾರ ಮಂಗಳೂರಿನ ಶಸ್ತ್ರಚಿಕಿತ್ಸಕರಿಗೆ. ಹೊರಗೆ ರೋಗಿಗಳ ಸಾಲು ಇದ್ದರೂ ಅವರು ಕಾಗದದ ಮೇಲೆ ಚಿತ್ರ ಬರೆದು ನನಗೂ ಅಪ್ಪನಿಗೂ ತುಳುವಿನಲ್ಲಿ ಎಲ್ಲವನ್ನೂ ವಿವರಿಸಿದರು. ಭುಜದ ಗುಳಿ ಆಳವಿಲ್ಲದ್ದು, ಸಟ್ಟುಗದ ಮೇಲೆ ಲಿಂಬೆಹಣ್ಣು ಇಟ್ಟ ಹಾಗೆ. ಅದರ ಸುತ್ತಲಿನ ಮೆತ್ತನೆಯ ಅಂಚು ಹರಿದರೆ ಸಣ್ಣ ರಂಧ್ರದ ಮೂಲಕ ಅದನ್ನು ಮತ್ತೆ ಮೂಳೆಗೆ ಹೊಲಿಯಬಹುದು, ಅದು ಬ್ಯಾಂಕಾರ್ಟ್ ದುರಸ್ತಿ. ಆದರೆ ಪದೇಪದೇ ತಪ್ಪಿದಾಗ ಗುಳಿಯ ಮುಂಭಾಗದ ಮೂಳೆಯೇ ಸವೆದುಹೋಗುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ನನ್ನದು ಹಾಗೆ ಸವೆದದ್ದು ಕಂಡಿತು.

ಆಗ ಅವರು ಹೇಳಿದ ಒಂದು ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಗೆ ಮೈ ತಾಗುವ ಆಟಗಳ ಆಟಗಾರರಿಗೆ ಬ್ಯಾಂಕಾರ್ಟ್ ದುರಸ್ತಿ ಮಾಡಿದ ಮೇಲೆ ಏನಾಯಿತು ಎಂದು ನೋಡಿದ್ದರು. ಮೂಳೆ ಹೆಚ್ಚು ಹಾನಿಯಾಗದವರಲ್ಲಿ ಶೇಕಡಾ 6.5 ಮಂದಿಗೆ ಮಾತ್ರ ತೊಂದರೆ ಮರುಕಳಿಸಿತ್ತು. ಮೂಳೆಗೆ ದೊಡ್ಡ ಹಾನಿ ಇದ್ದವರಲ್ಲಿ ಶೇಕಡಾ 89. ಸಣ್ಣ ಗಾಯ, ಬೇಗ ಮನೆಗೆ ಎಂಬ ಆಸೆಯಿಂದ ಹೋಗಿದ್ದ ಅಪ್ಪ ಅದನ್ನು ಕೇಳಿ "ಹಾಗಾದರೆ ದೊಡ್ಡದನ್ನೇ ಮಾಡಿ" ಎಂದುಬಿಟ್ಟರು. ದೊಡ್ಡದು ಎಂದರೆ ಲಟಾರ್ಜೆ ಶಸ್ತ್ರಚಿಕಿತ್ಸೆ. ಫ್ರಾನ್ಸಿನ ಮಿಶೆಲ್ ಲಟಾರ್ಜೆ 1954ರಲ್ಲಿ ವಿವರಿಸಿದ ವಿಧಾನ. ಹೆಗಲಮೂಳೆಯ ಕೊಕ್ಕಿನಂಥ ಭಾಗವನ್ನು ಸ್ನಾಯುರಜ್ಜುವಿನ ಸಮೇತ ಕತ್ತರಿಸಿ, ಸವೆದ ಅಂಚಿಗೆ ಸ್ಕ್ರೂಗಳಿಂದ ಬಿಗಿಯುತ್ತಾರೆ. ಗುಳಿ ಅಗಲವಾಗುತ್ತದೆ, ತೋಳೆತ್ತಿದಾಗ ಆ ಸ್ನಾಯುರಜ್ಜು ಕೀಲಿಗೆ ಮುಂದಿನಿಂದ ತಡೆಯಾಗುತ್ತದೆ. ನರಕ್ಕೆ ಪೆಟ್ಟಾಗಬಹುದು, ಮೂಳೆ ಕೂಡದೆ ಹೋಗಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಹೆದರಿಸದೆ, ಪುಸಲಾಯಿಸದೆ ಇದ್ದದ್ದನ್ನು ಇದ್ದಂತೆ ಹೇಳಿದ ಆ ಸಂಜೆಗಾಗಿ ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ಖರ್ಚಿನ ಪಾಲನ್ನು ನಮ್ಮ ಯುವಕ ಸಂಘ ಹೊತ್ತಿತು. ದುಬೈಯಲ್ಲಿ, ಶಾರ್ಜಾದಲ್ಲಿ ದುಡಿಯುತ್ತಿರುವ ಊರಿನ ಅಣ್ಣಂದಿರು ಕೇಳುವ ಮೊದಲೇ ಹಣ ಕಳುಹಿಸಿದರು. ಅವರಲ್ಲಿ ಕೆಲವರು ನಾನು ಆಡುವುದನ್ನು ಮೊಬೈಲಿನಲ್ಲಿ ಬಿಟ್ಟರೆ ಕಂಡವರೇ ಅಲ್ಲ. ಬೀಡಿ ಕಟ್ಟುವ ಅಮ್ಮ ಮೊರವನ್ನು ಬದಿಗಿಟ್ಟು ಎದ್ದು ನನಗೆ ಅನ್ನ ಕಲಸಿಕೊಡುತ್ತಿದ್ದರು, ಕಟ್ಟು ಕಡಿಮೆಯಾದರೆ ಆ ವಾರದ ಕೂಲಿಯೂ ಕಡಿಮೆ ಎಂಬುದು ಗೊತ್ತಿದ್ದೂ.

ಫಿಸಿಯೋಥೆರಪಿಯ ಅಕ್ಕನಿಗೆ ಬೇರೆಯೇ ಒಂದು ಸಾಲ ಇದೆ. ಕೈಪಟ್ಟಿ ಬಿಚ್ಚಿದ ಮೇಲೆ ತೋಳನ್ನು ಹೊರಕ್ಕೆ ತಿರುಗಿಸಲು ಆಗದೆ ನಾನು ಅಳುಮೋರೆ ಹಾಕಿ ಕುಳಿತಾಗ ಅವರು ಬೈಯಲಿಲ್ಲ. ನೋವು ತಗ್ಗಿತೆಂದು ಅಂಗಣಕ್ಕೆ ಹಾರಲು ನೋಡಿದಾಗ ಮಾತ್ರ ಬೈದರು. ಸ್ಕ್ಯಾನ್‌ನಲ್ಲಿ ಮೂಳೆ ಕೂಡಿದ್ದು ಕಾಣಬೇಕು, ಎಡ ಬಲ ಎರಡೂ ತೋಳಿನ ಬಲ ಸರಿಸಮಕ್ಕೆ ಬರಬೇಕು, ಆಮೇಲೆಯೇ ಚೈನ್ ಎಂದು ಹಠ ಹಿಡಿದರು. ಪಂದ್ಯಾಟದ ಕರೆಗಳು ಬರುತ್ತಿದ್ದರೂ ನಮ್ಮ ಕೋಚ್ ಆಗಿರುವ ಮಾಸ್ತರರು ಅವರ ಮಾತಿಗೇ ನಿಂತರು.

ಇನ್ನು ನಮ್ಮ ರೈಟ್ ಕಾರ್ನರ್. ಭುಜ ಗಟ್ಟಿಯಾದ ಮೇಲೂ ಭಯದಿಂದಲೇ ಆಟ ಬಿಟ್ಟ ಆಟಗಾರರು ಎಷ್ಟೋ ಮಂದಿ. ರೈಡರ್ ಮೈಮೇಲೆ ಬರುವಾಗ ನನ್ನ ಬೆರಳು ತಾನಾಗಿ ಸಡಿಲುತ್ತಿತ್ತು. ಅವನು ತನ್ನ ಕೆಲಸ ಮುಗಿಸಿ ಸಂಜೆ ಬಂದು, ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ, ಕೊನೆಗೆ ನಿಜವಾದ ರೈಡರ್‌ನನ್ನೇ ನುಗ್ಗಿಸಿ ಅದೇ ಹಿಡಿತವನ್ನು ಮತ್ತೆ ಮತ್ತೆ ಆಡಿಸಿದ. ನನಗೆ ಹೆದರಿಕೆ ಎಂದು ಅವನು ತಂಡದಲ್ಲಿ ಯಾರಿಗೂ ಹೇಳಲಿಲ್ಲ. ನಾನೇ ಈಗ ಹೇಳುತ್ತಿದ್ದೇನೆ ತಮ್ಮಾ, ನಿನ್ನ ಕೈಯ ನಂಬಿಕೆಯಿಂದ ನಾನು ಈ ವರ್ಷ ಆಡಿದೆ.

ನನ್ನ ಕೈಪಟ್ಟಿ, ವ್ಯಾಯಾಮದ ರಬ್ಬರ್ ಬ್ಯಾಂಡುಗಳು, ರಾಟೆಹಗ್ಗ ಎಲ್ಲವನ್ನೂ ಸಂಘದ ಕಪಾಟಿನಲ್ಲಿ ಇಟ್ಟಿದ್ದೇನೆ. ಭುಜ ತಪ್ಪಿದ ಹುಡುಗರು, ಹುಡುಗಿಯರು ಯಾವ ತಂಡದವರಾದರೂ ಬಂದು ಒಯ್ಯಬಹುದು. ಮಂಗಳೂರಿಗೆ ಡಾಕ್ಟರರ ಬಳಿ ಜೊತೆಗೆ ಯಾರಾದರೂ ಬೇಕಿದ್ದರೆ ಭಾನುವಾರ ಬಿಟ್ಟು ಯಾವ ದಿನವಾದರೂ ನಾನು ಬರುತ್ತೇನೆ.