ಜಿಂಕ್ ಬಗ್ಗೆಯೂ ಹೇಳಿ

ಮಾನ್ಯರೇ,

ಎಚ್‌ಐವಿ ಇರುವ, ಹಿಂದೆ ಡ್ರಗ್ಸ್ ಚಟವಿದ್ದವರ ಆರೈಕೆಯಲ್ಲಿ ಜಿಂಕ್ (ಸತು) ಎಂಬ ಪೋಷಕಾಂಶದ ಮಾತೇ ಬರುವುದಿಲ್ಲ. ಚಟದ ದಿನಗಳಲ್ಲಿ ಹೊಟ್ಟೆಗೆ ಸರಿಯಾಗಿ ತಿಂದಿರುವುದಿಲ್ಲ, ಹಾಗಾಗಿ ಜಿಂಕ್ ಕಡಿಮೆಯಾಗಿರಬಹುದು, ಅಲ್ವಾ? ಅಮೆರಿಕದ ಮಯಾಮಿಯಲ್ಲಿ ಜಿಂಕ್ ಕಡಿಮೆಯಿದ್ದ 231 ಸೋಂಕಿತರ ಅಧ್ಯಯನ ನಡೆದು, 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ 18 ತಿಂಗಳು ದಿನಕ್ಕೆ ಹೆಂಗಸರಿಗೆ 12, ಗಂಡಸರಿಗೆ 15 ಮಿಲಿಗ್ರಾಂ ಜಿಂಕ್ ಕೊಟ್ಟರು. ಅದನ್ನು ತೆಗೆದುಕೊಂಡವರಲ್ಲಿ ಭೇದಿ ಕಡಿಮೆಯಾಯಿತು, ರೋಗನಿರೋಧಕ ಶಕ್ತಿ ಕುಸಿಯುವುದೂ ತಗ್ಗಿತು.

ಹಾಗಂತ ಸುಮ್ನೆ ಅಂಗಡಿಯಿಂದ ತಂದು ನುಂಗಬಾರದು. ನನ್ನ ಗೆಳೆಯ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಮಾತ್ರೆಯ ಜೊತೆಗೇ ಜಿಂಕ್ ಮಾತ್ರೆಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಾಗಾದರೆ ಎಚ್‌ಐವಿ ಔಷಧಿಯೇ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜಿಂಕ್‌ಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಡೊಲುಟೆಗ್ರಾವಿರ್ ತೆಗೆದುಕೊಳ್ಳಬೇಕು. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಕೊಡುವಾಗಲೇ ಇದನ್ನು ಹೇಳಲಿ. ಮೊಟ್ಟೆ, ಮೊಳಕೆ ಕಾಳು ತಿನ್ನಿ ಅಂತಲೂ ಹೇಳಲಿ.

– ಓದುಗ, ಹಾಸನ