ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಕೂಡ ನೋಡಿ

ಮಾನ್ಯ ಸಂಪಾದಕರೆ,

‘ಮೂಳೆ ಸವೆದಿದೆ, ಕ್ಯಾಲ್ಸಿಯಂ ತಗೊಳ್ಳಿ, ಒಂದು ವಿಟಮಿನ್ ಡಿ ಇಂಜೆಕ್ಷನ್ ಹಾಕಿಸಿಕೊಳ್ಳಿ’ ಎಂಬ ಸಲಹೆ ಈಗ ಮೆಡಿಕಲ್ ಶಾಪಿನ ಕೌಂಟರಿನಿಂದ ಹಿಡಿದು ವಾಟ್ಸ್‌ಆ್ಯಪ್ ಗುಂಪಿನವರೆಗೆ ಪುಕ್ಕಟೆಯಾಗಿ ಸಿಗುತ್ತದೆ. ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಸೇರಿಸುತ್ತಾರೆ. ರಂಜಕದ ಲವಣವಾದ ಫಾಸ್ಫೇಟನ್ನು ಮಾತ್ರ ಎಷ್ಟೋ ಸಲ ಬಿಟ್ಟಿರುತ್ತಾರೆ. ದುಬಾರಿ ಪರೀಕ್ಷೆಯೇನೂ ಅಲ್ಲ ಅದು. ರಕ್ತದ ಫಾಸ್ಫೇಟ್ ಅಳೆಯುವ ಸುಲಭ ವಿಧಾನವನ್ನು ಸೈರಸ್ ಫಿಸ್ಕೆ ಜೊತೆ ಸೇರಿ ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ 1925ರಲ್ಲೇ ಕೊಟ್ಟಿದ್ದರು. ಅಷ್ಟು ಹಳೆಯ, ಅಷ್ಟು ಅಗ್ಗದ ಈ ಅಂಕಿಯನ್ನು ಕೈಬಿಟ್ಟು ಉಳಿದೆರಡನ್ನು ಓದಹೊರಟರೆ ದಾರಿ ತಪ್ಪುತ್ತದೆ.

ವಯಸ್ಕರ ದೇಹದಲ್ಲಿ ಸುಮಾರು 1 ಕೆ.ಜಿ. ಕ್ಯಾಲ್ಸಿಯಂ ಇದೆ. ಅದರಲ್ಲಿ ಶೇ 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿ ಡೆಸಿಲೀಟರಿಗೆ 8.5ರಿಂದ 10.5 ಮಿ.ಗ್ರಾಂ ಮಾತ್ರ. ಈ ಚೂರು ಏರುಪೇರಾದರೂ ಹೃದಯ, ನರ, ಸ್ನಾಯುಗಳು ತಾಳಿಕೊಳ್ಳುವುದಿಲ್ಲ. ಆದ್ದರಿಂದ ದೇಹ ಮೊದಲು ಕಾಪಾಡುವುದು ರಕ್ತದ ಮಟ್ಟವನ್ನು. ಮೂಳೆಯ ಸರದಿ ಆಮೇಲೆ. ಕತ್ತಿನಲ್ಲಿ ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಇದೇ ಕೆಲಸ. ರಕ್ತದ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಅವು ಕೂಡಲೇ ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಸುರಿಸುತ್ತವೆ. ಅದು ಮೂಳೆಯ ಕಣಜದಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ಹೊರತೆಗೆಯುತ್ತದೆ. ಮೂತ್ರದಲ್ಲಿ ಹೋಗಲಿದ್ದ ಕ್ಯಾಲ್ಸಿಯಂ ಅನ್ನು ಕಿಡ್ನಿಯಲ್ಲೇ ತಡೆದು, ಫಾಸ್ಫೇಟನ್ನು ಹೊರಗಟ್ಟುತ್ತದೆ. ಹೊರಗಟ್ಟುವುದು ಏಕೆಂದರೆ, ಎರಡೂ ರಕ್ತದಲ್ಲೇ ಉಳಿದರೆ ಒಂದಕ್ಕೊಂದು ಕೂಡಿಕೊಂಡು ಕ್ಯಾಲ್ಸಿಯಂ ಮತ್ತೆ ಇಳಿಯುತ್ತದೆ. ಜೊತೆಗೆ ಪಿಟಿಎಚ್, ನಿಷ್ಕ್ರಿಯವಾಗಿರುವ ವಿಟಮಿನ್ ಡಿಯನ್ನು ಕಿಡ್ನಿಯಲ್ಲಿ ಕ್ಯಾಲ್ಸಿಟ್ರಿಯೋಲ್ ಆಗಿ ಮಾರ್ಪಡಿಸುತ್ತದೆ. ನಿಜವಾದ ಹಾರ್ಮೋನ್ ಇದೇ. ಕರುಳಿನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ಹೀರುವಂತೆ ಮಾಡುವುದು ಅದರ ಕೆಲಸ. ಇನ್ನು ಮೂಳೆಯ ಜೀವಕೋಶಗಳೇ ಸ್ರವಿಸುವ ಎಫ್‌ಜಿಎಫ್-23 ಎಂಬ ಹಾರ್ಮೋನ್ ಇದೆ. ಫಾಸ್ಫೇಟ್ ಹೆಚ್ಚಾದರೆ ಅದನ್ನು ಮೂತ್ರಕ್ಕೆ ದಾಟಿಸಿ, ಕ್ಯಾಲ್ಸಿಟ್ರಿಯೋಲ್ ತಯಾರಿಗೂ ಕಡಿವಾಣ ಹಾಕುತ್ತದೆ. ಪಠ್ಯಪುಸ್ತಕಗಳು ತುಂಬ ಜಾಗ ಕೊಡುವ, ಥೈರಾಯ್ಡ್ ಸ್ರವಿಸುವ ಕ್ಯಾಲ್ಸಿಟೋನಿನ್‌ಗೆ ಮನುಷ್ಯರ ದಿನನಿತ್ಯದ ಸಮತೋಲನದಲ್ಲಿ ಅಂಥ ದೊಡ್ಡ ಪಾತ್ರವಿಲ್ಲ.

‘ಕ್ಯಾಲ್ಸಿಯಂ 9.2, ನಾರ್ಮಲ್’ ಎಂಬ ರಿಪೋರ್ಟು ಮೋಸ ಮಾಡುವುದು ಇಲ್ಲಿಯೇ. ವಿಟಮಿನ್ ಡಿ ತೀರಾ ಕಡಿಮೆಯಿದ್ದರೂ ಪಿಟಿಎಚ್ ಏರಿ, ಮೂಳೆಯಿಂದ ತೆಗೆದು ರಕ್ತದ ಮಟ್ಟವನ್ನು ಬಹುಕಾಲ ಸರಿದೂಗಿಸುತ್ತದೆ. ಆಗ ಫಾಸ್ಫೇಟ್ ಡೆಸಿಲೀಟರಿಗೆ 2.5 ಮಿ.ಗ್ರಾಂಗಿಂತ ಕೆಳಗಿಳಿದಿರುವುದು, ಮೂಳೆಯಿಂದಲೂ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದು ಸುಳಿವು. ರೋಗಿ ಹೇಳುವುದು ತೊಡೆ, ಸೊಂಟದ ನೋವು. ಕುಕ್ಕರಗಾಲಿನಲ್ಲಿ ಕೂತರೆ ಏಳಲಾಗುವುದಿಲ್ಲ ಎಂದು. ಇನ್ನೊಂದು ತುದಿಯದು ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ. ಕ್ಯಾಲ್ಸಿಯಂ 11.2, ಪಿಟಿಎಚ್ 55 ಇದ್ದರೆ, ಪಿಟಿಎಚ್ ಪಟ್ಟಿಯ ಮಿತಿಯೊಳಗೇ ಇರುವುದರಿಂದ ಲ್ಯಾಬಿನ ಕಾಗದದಲ್ಲಿ ಅದಕ್ಕೆ ಗುರುತು ಬಿದ್ದಿರುವುದಿಲ್ಲ. ಆದರೆ ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ತೀರಾ ತಗ್ಗಬೇಕು. ತಗ್ಗದಿದ್ದರೆ ಪ್ಯಾರಾಥೈರಾಯ್ಡ್ ಗಡ್ಡೆಯ ಅನುಮಾನ ಮೊದಲು ಬರಬೇಕು. ಮತ್ತೆ ಮತ್ತೆ ಕಿಡ್ನಿ ಕಲ್ಲು ತೆಗೆಸಿಕೊಳ್ಳುವವರಲ್ಲಿ ಈ ಜೋಡಿ ಅಂಕಿಯನ್ನು ಹುಡುಕಲೇಬೇಕು.

ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಇಲ್ಲದ ರಿಪೋರ್ಟೂ ಅರ್ಧಂಬರ್ಧವೇ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 40ರಷ್ಟು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಅದು ಕಡಿಮೆಯಿದ್ದರೆ ಒಟ್ಟು ಕ್ಯಾಲ್ಸಿಯಂ ಕೂಡ ಇಳಿದಂತೆ ಕಾಣುತ್ತದೆ. ಆಲ್ಬುಮಿನ್ 4 ಗ್ರಾಂಗಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಕ್ಯಾಲ್ಸಿಯಂ 7.8, ಆಲ್ಬುಮಿನ್ 2.5 ಇದ್ದರೆ ಸರಿಪಡಿಸಿದ ಅಂಕಿ 9.0. ಅಂಥವರಿಗೆ ಕ್ಯಾಲ್ಸಿಯಂ ಡ್ರಿಪ್ ಬೇಕಿಲ್ಲ.

ಈಗ ವಿಟಮಿನ್ ಡಿ ಪ್ರಮಾಣದ ಮಾತು. ಕೊರತೆ ಇರುವ ವಯಸ್ಕರಿಗೆ ರೂಢಿಯಲ್ಲಿರುವುದು 60,000 ಯೂನಿಟ್‌ನ ಒಂದು ಪುಡಿ ಪ್ಯಾಕೆಟ್ ಅಥವಾ ಕ್ಯಾಪ್ಸೂಲ್, ವಾರಕ್ಕೆ ಒಂದರಂತೆ 8 ವಾರ. ಅಲ್ಲಿಗೆ 4.8 ಲಕ್ಷ ಯೂನಿಟ್. ಒಂದೇ ಇಂಜೆಕ್ಷನ್ನಿನಲ್ಲಿ 6 ಲಕ್ಷ ಇರುತ್ತದೆ, ಅಂದರೆ 10 ಪ್ಯಾಕೆಟ್ಟಿನಷ್ಟು. ಮಂಡಿ ನೋವು ಹೋಗಲಿಲ್ಲವೆಂದು ಇದನ್ನೇ ಮೇಲಿಂದ ಮೇಲೆ ಹಾಕಿಸಿಕೊಂಡರೆ, ಅಥವಾ ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಎಂದು ತಿಂಗಳುಗಟ್ಟಲೆ ನುಂಗಿದರೆ, ಕೊಬ್ಬಿನಲ್ಲಿ ಶೇಖರವಾದ ಡಿ ನಿಲ್ಲಿಸಿದ ಮೇಲೂ ತಿಂಗಳುಗಳ ಕಾಲ ಕ್ಯಾಲ್ಸಿಯಂ ಏರಿಸುತ್ತಲೇ ಇರುತ್ತದೆ. ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ವಯಸ್ಸಾದವರಲ್ಲಿ ಮಂಕು, ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿಕೆ ಇದರ ಚಹರೆ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಪಿಟಿಎಚ್ ನೆಲಕಚ್ಚಿದೆ, ಫಾಸ್ಫೇಟ್ ತಗ್ಗಿಲ್ಲ. ಒಮ್ಮೆಗೇ ಭಾರಿ ಡೋಸ್ ಕೊಡುವುದರಲ್ಲಿ ಲಾಭವೂ ಕಾಣುವುದಿಲ್ಲ. 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ, 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. ದಿನಾ ಬೆಳಿಗ್ಗೆ ನೀರಿಗೆ ಎಲೆಯಡಿಕೆ ಸುಣ್ಣ ಕಲಸಿ ಕುಡಿಯಿರಿ ಎನ್ನುವವರ ಮಾತಿಗಂತೂ ಕಿವಿಗೊಡಬೇಡಿ. ಸುಣ್ಣ ಕ್ಯಾಲ್ಸಿಯಂ ಮಾತ್ರವಲ್ಲ, ಕ್ಷಾರವೂ ಹೌದು. ಎರಡೂ ಕೂಡಿದರೆ ಕಿಡ್ನಿಗೆ ಪೆಟ್ಟು.

ಥೈರಾಯ್ಡ್ ಪೂರ್ತಿ ತೆಗೆಸಿಕೊಂಡವರ ಸಮಸ್ಯೆ ಬೇರೆಯೇ. ಆಪರೇಷನ್ನಿನಲ್ಲಿ ಪ್ಯಾರಾಥೈರಾಯ್ಡ್‌ಗಳಿಗೆ ರಕ್ತ ಸಂಚಾರ ಕೆಟ್ಟರೆ ಸಾಮಾನ್ಯವಾಗಿ ಮೊದಲ ಮೂರು ದಿನಗಳೊಳಗೆ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು, ಆಮೇಲೆ ಕೈ ಸೆಟೆದುಕೊಳ್ಳುವುದು ಶುರುವಾಗುತ್ತದೆ. ಇಂಥವರಿಗೆ ಮಾಮೂಲಿ ಡಿ ಪ್ಯಾಕೆಟ್ ಒಂದೇ ಕೊಟ್ಟು ಕಳಿಸಿದರೆ ಸಾಲದು. ಪಿಟಿಎಚ್ ಇಲ್ಲದ ಕಿಡ್ನಿ ಅದನ್ನು ಸಾಕಷ್ಟು ಸಕ್ರಿಯಗೊಳಿಸಲಾರದು. ಬೇಕಿರುವುದು ಕ್ಯಾಲ್ಸಿಟ್ರಿಯೋಲ್, ಸಾಮಾನ್ಯವಾಗಿ 0.25ರಿಂದ 0.5 ಮೈಕ್ರೋಗ್ರಾಂ, ದಿನಕ್ಕೆರಡು ಬಾರಿ. ಜೊತೆಗೆ ಕ್ಯಾಲ್ಸಿಯಂ. ಮಾತ್ರೆಯ ಹಾಳೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಎಂದಿದ್ದರೆ ಅದರಲ್ಲಿ ಸಿಗುವ ಕ್ಯಾಲ್ಸಿಯಂ 500 ಮಿ.ಗ್ರಾಂ. ಅದನ್ನು ಊಟದ ಜೊತೆಗೇ ನುಂಗಬೇಕು: ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಫಾಸ್ಫೇಟನ್ನೂ ಅದು ಕರುಳಲ್ಲೇ ಹಿಡಿಯುತ್ತದೆ. ಬೆಳಗಿನ ಥೈರಾಕ್ಸಿನ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಇಲ್ಲವಾದರೆ ಥೈರಾಕ್ಸಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆಯ ಬದಲು ಹಾಲು ಕುಡಿದರಾಗದೇ ಎಂದು ಹಲವರು ಕೇಳುತ್ತಾರೆ. ಹಾಲಿನಲ್ಲಿ ಫಾಸ್ಫೇಟೂ ಧಾರಾಳ. ಈ ರೋಗಿಗಳಲ್ಲಿ ಅದು ಮೊದಲೇ ಏರಿರುತ್ತದೆ. ಕ್ಯಾಲ್ಸಿಯಂ 9.5ಕ್ಕೆ ಏರಲಿ ಎಂದು ಹಟ ಹಿಡಿಯುವುದೂ ತಪ್ಪು. ತಡೆಯುವ ಪಿಟಿಎಚ್ ಇಲ್ಲದ್ದರಿಂದ ಹೆಚ್ಚಿದ್ದೆಲ್ಲ ಮೂತ್ರಕ್ಕೆ ಇಳಿದು ಕಲ್ಲು ಕಟ್ಟುತ್ತದೆ. ಜುಮುಜುಮು ಇಲ್ಲದಂತೆ, 8.5ರ ಆಸುಪಾಸಿನಲ್ಲಿ ನಿಂತರೆ ಸಾಕು.

ಎಷ್ಟು ಕೊಟ್ಟರೂ ಕ್ಯಾಲ್ಸಿಯಂ ಏರದಿದ್ದರೆ ಮೆಗ್ನೀಸಿಯಂ ಪರೀಕ್ಷಿಸಿ. ಅದು ತೀರಾ ಇಳಿದರೆ ಪಿಟಿಎಚ್ ಹೊರಬರುವುದೇ ಇಲ್ಲ. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಹೀಗಾಗುವುದುಂಟು. ರಕ್ತಹೀನತೆಗೆ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣಾಂಶದ ಡ್ರಿಪ್ ಪಡೆದ ಕೆಲವರಲ್ಲಿ ಎಫ್‌ಜಿಎಫ್-23 ಏರಿ ಫಾಸ್ಫೇಟ್ ಕುಸಿಯುತ್ತದೆ. ಡ್ರಿಪ್ ಆದ ಮೇಲೆ ಸುಸ್ತು ಹೆಚ್ಚಿದರೆ ಹಿಮೊಗ್ಲೋಬಿನ್ ಒಂದನ್ನೇ ನೋಡಿ ಸುಮ್ಮನಾಗಬಾರದು.

ಕಿಡ್ನಿ ಕಾಯಿಲೆಯವರಲ್ಲಿ ಫಾಸ್ಫೇಟ್ ಹೊರಹೋಗದೆ ಉಳಿದು ಪಿಟಿಎಚ್ ಏರುತ್ತಾ ಹೋಗುತ್ತದೆ. ಅವರಿಗೆ ಕೊಡುವ ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಗಳು ಊಟದ ಜೊತೆ ಹೊಟ್ಟೆಗೆ ಸೇರಿದರೆ ಮಾತ್ರ ಕೆಲಸ ಮಾಡುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಫಾಸ್ಫೇಟೇ ಇರುವುದಿಲ್ಲ. ಬೇಳೆಕಾಳುಗಳ ಫಾಸ್ಫೇಟಿನಲ್ಲಿ ದೊಡ್ಡ ಪಾಲು ಫೈಟೇಟ್ ರೂಪದ್ದು, ಪೂರ್ತಿ ಹೀರಲ್ಪಡುವುದಿಲ್ಲ. ಕೋಲಾ ಮತ್ತು ಸಂಸ್ಕರಿಸಿದ ತಿನಿಸುಗಳಿಗೆ ಬೆರೆಸಿದ ಫಾಸ್ಫೇಟ್ ಬಹುಪಾಲು ನೇರ ರಕ್ತಕ್ಕೆ ಸೇರುತ್ತದೆ. ಬೇಳೆ ಬಿಡಿಸಿ ಕೋಲಾ ಮರೆಯುವ ಪಥ್ಯದಿಂದ ಪ್ರಯೋಜನವಿಲ್ಲ.

ಲ್ಯಾಬುಗಳು ಕ್ಯಾಲ್ಸಿಯಂ ಇರುವ ಪ್ರತಿ ಪ್ಯಾಕೇಜಿನಲ್ಲೂ ಫಾಸ್ಫೇಟ್, ಆಲ್ಬುಮಿನ್ ಸೇರಿಸಲಿ. 6 ಲಕ್ಷದ ಇಂಜೆಕ್ಷನ್ ಚೀಟಿಯಿಲ್ಲದೆ ಯಾರಿಗೂ ಕೊಡದಂತೆ ಔಷಧ ನಿಯಂತ್ರಣ ಇಲಾಖೆ ಕಣ್ಣಿಡಲಿ. 60,000 ಯೂನಿಟ್‌ನ ಪ್ಯಾಕೆಟ್ ಮೇಲೆ ‘ವಾರಕ್ಕೆ ಒಂದೇ’ ಎಂದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಷರದಲ್ಲಿ ಕಂಪನಿಗಳು ಅಚ್ಚು ಹಾಕಲಿ. ಅಲ್ಲಿಯವರೆಗೆ ಮೆಡಿಕಲ್ ಶಾಪಿನವರೇ ಪೆನ್ನಿನಲ್ಲಿ ಬರೆದುಕೊಡಬಹುದು.

ಇಂತಿ,
ಹಾರ್ಮೋನ್ ಕಾಯಿಲೆಗಳ ಚಿಕಿತ್ಸೆಯಲ್ಲಿ ತೊಡಗಿರುವ ಇಬ್ಬರು ವೈದ್ಯರು, ಮೈಸೂರು