ಗ್ಯಾಸ್ ಗೀಸರ್ ಖರ್ಚಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಗ್ಯಾಸ್ ಗೀಸರ್ ಹಾಕಿಸಿದರೆ ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂದು ಕೆಲವರು ಕೇಳಿದ್ದೀರಿ. ಲೆಕ್ಕ ಸುಲಭ.

20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಏರಿಸಲು 400 ಕಿಲೋಕ್ಯಾಲರಿ ಬೇಕು. ಒಂದು ಕಿಲೋ ಗ್ಯಾಸಿನಲ್ಲಿ ಸುಮಾರು 11,000 ಇರುತ್ತದೆ. ಅದರಲ್ಲಿ ನೀರಿಗೆ ಸೇರುವುದು 80 ಶೇಕಡಾ ಎಂದು ಹಿಡಿಯಿರಿ. ಅಲ್ಲಿಗೆ ಬಕೆಟ್ಟಿಗೆ ಸುಮಾರು 45 ಗ್ರಾಂ ಗ್ಯಾಸು. 14.2 ಕಿಲೋ ಸಿಲಿಂಡರಿಗೆ 315 ಬಕೆಟ್. ನಾಲ್ಕು ಜನ ದಿನಕ್ಕೊಂದು ಬಕೆಟ್ ಮಿಂದರೆ ಎರಡೂವರೆ ತಿಂಗಳು. ಸಿಲಿಂಡರಿಗೆ 900 ರೂಪಾಯಿ ಅಂದುಕೊಂಡರೆ ಬಕೆಟ್ಟಿಗೆ ಮೂರು ರೂಪಾಯಿಯೊಳಗೆ ಬಂತು. ನಿಮ್ಮ ಬಿಲ್ಲಿನ ದರ ಹಾಕಿ ನೋಡಿ.

ಕರೆಂಟಿನ ಗೀಸರ್ ಆದರೆ ಅದೇ ಬಕೆಟ್ಟಿಗೆ ಅರ್ಧ ಯೂನಿಟ್. ಹೆಸ್ಕಾಂ ಬಿಲ್ಲಿನ ಜೊತೆ ಹೋಲಿಸಿ.

ಕಾರವಾರದ ಕಡೆಯವರಿಗೆ ಇಷ್ಟು ಬೇಕಾಗದು, ಅಲ್ಲಿ ನೀರೇ ಬೆಚ್ಚಗೆ. ಶಿರಸಿಯ ಡಿಸೆಂಬರ್ ಚಳಿಗೆ ಸ್ವಲ್ಪ ಜಾಸ್ತಿಯೇ ಹಿಡಿಯಿರಿ. ಶವರ್ ಕೆಳಗೆ ಹಾಡುತ್ತ ನಿಲ್ಲುವವರಿಗೆ ಈ ಲೆಕ್ಕ ಹೊಂದುವುದಿಲ್ಲ!

ಅನುಮಾನ ಇದ್ದರೆ ಅಡಿಕೆ ತೂಗುವ ತಕ್ಕಡಿ ಇದೆಯಲ್ಲ, ಸಿಲಿಂಡರನ್ನು ವಾರದ ಮೊದಲು, ಕೊನೆಗೆ ತೂಗಿ. ಒಲೆಗೆ ಬೇರೆ ಸಿಲಿಂಡರ್ ಇರಬೇಕು ಮತ್ತೆ.

ಅಡಿಕೆ ಸಿಪ್ಪೆ ಇರುವವರು ಹಂಡೆ ಬಿಡಬೇಡಿ, ಅದರ ಮುಂದೆ ಯಾವ ಗ್ಯಾಸೂ ಅಗ್ಗ ಅಲ್ಲ.

ಗೀಸರನ್ನು ಮಾತ್ರ ಬಚ್ಚಲಿನೊಳಗೆ ಹಾಕಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಜೀವಕ್ಕೇ ಅಪಾಯ. ಹೊರಗೋಡೆಗೆ ಕೂರಿಸಿ ಪೈಪ್ ಎಳೆಸಿ.